ಸೊಂಟ ಹಿಡಿದಿದೆ, ಎಂಆರ್‌ಐ ರಿಪೋರ್ಟ್ ನೋಡಿ ಹೆದರಿಕೆಯಾಗಿದೆ. ಮಂಗಳೂರು-ಉಡುಪಿ ಕಡೆಯವರು ಎಂತ ಮಾಡಿದಿರಿ?

ಸುರತ್ಕಲ್ ಬೈಕು

ಎಲ್ಲರಿಗೂ ನಮಸ್ಕಾರ. ನನಗೆ ವಯಸ್ಸು 34. ದಿನಾ ಸುರತ್ಕಲ್‌ನಿಂದ ಹಂಪನಕಟ್ಟೆಗೆ ಬೈಕಿನಲ್ಲಿ ಹೋಗಿ ಬರುತ್ತೇನೆ. ಆಫೀಸಿನಲ್ಲಿ ಸಂಜೆವರೆಗೆ ಕುರ್ಚಿ. ಮಳೆ ಶುರುವಾದ ಮೇಲೆ ರಸ್ತೆ ಹೊಂಡಗಳ ಕಥೆ ನಿಮಗೆ ಹೇಳಬೇಕಾಗಿಲ್ಲ. ಮೊನ್ನೆ ಗ್ಯಾಸ್ ಸಿಲಿಂಡರ್ ಎತ್ತಿ ಪಕ್ಕಕ್ಕೆ ಇಡಲು ಹೋದೆ, ಸೊಂಟದಲ್ಲಿ ಚಳಕ್ ಅಂತ ಆಯಿತು. ಅಲ್ಲಿಂದ ಸಾಕ್ಸ್ ಹಾಕಿಕೊಳ್ಳಲು ಸಹ ಕಷ್ಟ. ಎಡಗಡೆ ಪೃಷ್ಠದಿಂದ ತೊಡೆವರೆಗೆ ಸ್ವಲ್ಪ ಎಳೆತ ಉಂಟು. ಮೊಣಕಾಲಿನ ಕೆಳಗೆ ಏನಿಲ್ಲ.

ಒಂದು ಕಡೆ ಎಂಆರ್‌ಐ ಮಾಡಿಸಿದರು. ರಿಪೋರ್ಟಿನಲ್ಲಿ ಎಲ್4-ಎಲ್5 ಡಿಸ್ಕ್ ಬಲ್ಜ್, ಸವೆತ ಅಂತ ಏನೇನೋ ಬರೆದಿದೆ. ಒಬ್ಬರು ಪೂರ್ತಿ ಬೆಡ್ ರೆಸ್ಟ್ ಅಂದರು. ಇನ್ನೊಬ್ಬರು ಮುಂದೆ ಆಪರೇಷನ್ ಬೇಕಾಗಬಹುದು ಅಂದರು. ಪಕ್ಕದ ಮನೆಯವರು ಎಣ್ಣೆ ಬಾಟ್ಲಿ ಕೊಟ್ಟು ಹೋದರು. ಯಾರ ಮಾತು ಕೇಳುವುದು?

ಮನೆಯಲ್ಲಿ ಅಮ್ಮನಿಗೂ ಸೊಂಟ ನೋವು. ಬೀಡಿ ಕಟ್ಟುತ್ತಾರೆ. ನಾನು ನರಳಿದರೆ "ನನಗೆ ನೀನು ಹುಟ್ಟುವ ಮೊದಲಿಂದ ಉಂಟು, ನಾನು ಯಾರಿಗೆ ಹೇಳಲಿ" ಅನ್ನುತ್ತಾರೆ. ಅವರಿಗೂ ಏನಾದರೂ ದಾರಿ ಇದ್ದರೆ ಹೇಳಿ.

ಪಡುಬಿದ್ರಿ ಅಕ್ಕ

ಮೊದಲು ಹಿಂದಿನ ಕಿಸೆಯಿಂದ ಪರ್ಸ್ ತೆಗೆಯಿರಿ ತಮ್ಮಾ. ನಮ್ಮವರಿಗೆ ಅದೇ ಆಗಿದ್ದು. ಇಷ್ಟು ದಪ್ಪದ ಪರ್ಸ್ ಮೇಲೆ ಒಂದು ಬದಿ ಎತ್ತರ ಮಾಡಿ ಕೂತುಕೊಂಡೇ ಬೈಕ್ ಓಡಿಸುತ್ತಿದ್ದರು. ಕೆಳಗಿನ ನರ ಒತ್ತಿ ತೊಡೆಗೆ ಎಳೆತ ಬರುತ್ತಿತ್ತು.

ರಾತ್ರಿ ನೆಕ್ಕಿ (ಲಕ್ಕಿ) ಸೊಪ್ಪು ಕುದಿಸಿದ ಬಿಸಿ ನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ ಶಾಖ ಕೊಡಿ. ಹಂಡೆ ಬಿಸಿನೀರು ಇದ್ದರೆ ಸ್ನಾನ ಮಾಡುವಾಗ ಸೊಂಟಕ್ಕೆ ಹೊಯ್ದುಕೊಳ್ಳಿ. ಒಂದೆರಡು ಗಂಟೆಯಾದರೂ ಹಗುರ ಅನ್ನಿಸುತ್ತದೆ.

ಉಡುಪಿ ಫಿಸಿಯೋ

ಫಿಸಿಯೋಥೆರಪಿ ನನ್ನ ಕೆಲಸ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ನಿಮ್ಮನ್ನು ನೋಡದೆ ಔಷಧಿ ಹೇಳುವುದಿಲ್ಲ. ಆದರೆ ಹೆದರಿಕೆ ಕಡಿಮೆ ಮಾಡಬಹುದು.

ಆ ರಿಪೋರ್ಟ್ ವಿಷಯ ಮೊದಲು. ಡಿಸ್ಕ್ ಅಂದರೆ ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತೆ, ಬಲ್ಜ್ ಅಂದರೆ ಅದು ಸ್ವಲ್ಪ ಹೊರಗೆ ಉಬ್ಬಿರುವುದು. ಎಲ್4-ಎಲ್5 ಅಂದರೆ ಸೊಂಟದ ನಾಲ್ಕನೇ, ಐದನೇ ಮಣಿ. 2015ರಲ್ಲಿ ಒಂದು ದೊಡ್ಡ ವಿಶ್ಲೇಷಣೆ ಬಂತು. ಬೆನ್ನು ನೋವೇ ಇಲ್ಲದ 3,000ಕ್ಕಿಂತ ಜಾಸ್ತಿ ಜನರ ಸ್ಕ್ಯಾನ್‌ಗಳನ್ನು ಅದರಲ್ಲಿ ಸೇರಿಸಿ ನೋಡಿದ್ದರು. ನೋವಿಲ್ಲದ 20 ವರ್ಷದವರಲ್ಲೇ 37% ಜನರಿಗೆ ಡಿಸ್ಕ್ ಸವೆತ, 30% ಜನರಿಗೆ ಡಿಸ್ಕ್ ಬಲ್ಜ್ ಇತ್ತು. 30ರ ಹರೆಯದವರಲ್ಲಿ ಬಲ್ಜ್ 40%. 80 ವರ್ಷದವರಲ್ಲಿ ಸವೆತ 96%. ಅಂದರೆ ನಿಮ್ಮ ವಯಸ್ಸಿನ ಹತ್ತು ಜನರನ್ನು ಹಂಪನಕಟ್ಟೆ ಸಿಗ್ನಲ್‌ನಲ್ಲಿ ನಿಲ್ಲಿಸಿ ಎಂಆರ್‌ಐ ಮಾಡಿದರೆ, ನೋವೇ ಇಲ್ಲದ ನಾಲ್ಕು ಜನರ ರಿಪೋರ್ಟಿನಲ್ಲೂ ಇದೇ ಬರುತ್ತದೆ. ತಲೆ ಕೂದಲು ನೆರೆಯುವ ಹಾಗೆ ಡಿಸ್ಕ್ ಕೂಡ ವಯಸ್ಸಾಗುತ್ತಾ ಬದಲಾಗುತ್ತದೆ. ನಿಮ್ಮ ಬಲ್ಜ್ ಸಿಲಿಂಡರ್ ಎತ್ತುವ ಮೊದಲೇ ಇದ್ದಿರಲೂಬಹುದು.

ಸೊಂಟ ನೋವು ಅಂತ ಬರುವವರಲ್ಲಿ ಸುಮಾರು 90% ಜನರಿಗೆ ಇದೇ ಜಾಗ, ಇದೇ ಕಾರಣ ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಸ್ನಾಯು, ಲಿಗಮೆಂಟ್, ಹಿಂದಿನ ಸಣ್ಣ ಕೀಲುಗಳು, ಡಿಸ್ಕ್, ಎಲ್ಲ ಸ್ವಲ್ಪ ಸ್ವಲ್ಪ ಸೇರಿರುತ್ತವೆ. ಅದರ ಮೇಲೆ ನಿದ್ದೆ ಕಡಿಮೆ, ಟೆನ್ಷನ್, ಸಿಗರೇಟು, ಇಡೀ ದಿನ ಕೂತಿರುವುದು. ಹೆಚ್ಚಿನವರಿಗೆ ನಾಲ್ಕರಿಂದ ಆರು ವಾರದಲ್ಲಿ ತುಂಬಾ ಕಡಿಮೆಯಾಗುತ್ತದೆ.

ಇನ್ನು ಬೆಡ್ ರೆಸ್ಟ್. ನೋವು ಜೋರಿದ್ದರೆ ಒಂದೆರಡು ದಿನ ಮಲಗಿ, ಬೇಡ ಅನ್ನುವುದಿಲ್ಲ. ವಾರಗಟ್ಟಲೆ ಮಲಗಿದರೆ ಸ್ನಾಯು ಸೋಲುತ್ತದೆ, ಕೀಲು ಬಿಗಿಯಾಗುತ್ತದೆ, "ಎದ್ದರೆ ಏನಾಗುತ್ತದೋ" ಎಂಬ ಹೆದರಿಕೆ ಬೆಳೆಯುತ್ತದೆ. ನನ್ನ ಹತ್ತಿರ ಬರುವವರಲ್ಲಿ ನೋವಿಗಿಂತ ಈ ಹೆದರಿಕೆಯನ್ನು ಬಿಡಿಸುವುದೇ ಕಷ್ಟ. ಮನೆಯೊಳಗೇ ಆಗಲಿ, ಸ್ವಲ್ಪ ಸ್ವಲ್ಪ ನಡೆಯಿರಿ.

ಎಕ್ಸ್‌ಪ್ರೆಸ್ ಸೀಟು

ಮಂಗಳೂರು-ಉಡುಪಿ ಬಸ್ಸು ಓಡಿಸುವವ ನಾನು. ನಮಗೆ ನಡೆಯಿರಿ ಅಂದರೆ ಎಲ್ಲಿ ನಡೆಯುವುದು ಮಾರಾಯ್ರೆ? ಟೈಮಿಂಗ್ ಒಂದು ನಿಮಿಷ ತಪ್ಪಿದರೆ ಹಿಂದಿನ ಬಸ್ಸಿನವ ಹಾರ್ನ್ ಹೊಡೆಯುತ್ತಾನೆ. ಎಡಗಾಲು ಕ್ಲಚ್ ಮೇಲೆ, ಇಂಜಿನ್ ನಡುಕ ಕೆಳಗಿಂದ. ರಾತ್ರಿ ಮನೆಗೆ ಹೋದರೆ ನೆಟ್ಟಗೆ ನಿಲ್ಲಲು ಎರಡು ನಿಮಿಷ ಬೇಕು.

ಮೇಳದವ

ನಂದು ಉಲ್ಟಾ ಕೇಸ್. ಯಕ್ಷಗಾನ ಮೇಳದಲ್ಲಿ ವೇಷ ಮಾಡುತ್ತೇನೆ. ಮೇಲಿಂದ ಕೆಳಗೆ ಆಭರಣ, ತಲೆ ಮೇಲೆ ಕಿರೀಟ, ಅದರಲ್ಲೇ ಕುಣಿಯುವುದು, ದಿಗಿಣ ಹೊಡೆಯುವುದು. ತಿರುಗಾಟದ ಸಮಯದಲ್ಲಿ ಸೊಂಟ ಅಷ್ಟೇನೂ ತಕರಾರು ಮಾಡುವುದಿಲ್ಲ. ಮೇ ಕೊನೆಯಲ್ಲಿ ಪತ್ತನಾಜೆಗೆ ತಿರುಗಾಟ ಮುಗಿದು ಗೆಜ್ಜೆ ಬಿಚ್ಚಿ ಮನೆಯಲ್ಲಿ ಕೂತರೆ, ಜುಲೈ-ಆಗಸ್ಟಿನ ಆಟಿ ತಿಂಗಳು ಬರುವಷ್ಟರಲ್ಲಿ ಹಿಡಿದುಕೊಳ್ಳುತ್ತದೆ. ಮಳೆಗಾಲದ ಥಂಡಿ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಮಾತ್ರ ಕುಣಿತ ನಿಂತದ್ದೇ ಕಾರಣ ಅಂತ ಅನುಮಾನ.

ಉಡುಪಿ ಫಿಸಿಯೋ

ನಿಮ್ಮ ಅನುಮಾನವೇ ಸರಿ ಇರಬಹುದು ಅಣ್ಣ. ದಿನಾ ದುಡಿಯುತ್ತಿದ್ದ ಸ್ನಾಯು ಒಮ್ಮೆಲೇ ಖಾಲಿ ಕೂತರೆ ಕೆಲವು ವಾರದಲ್ಲಿ ಸೋಲುತ್ತದೆ. ಆಮೇಲೆ ತೋಟದಲ್ಲಿ ಒಂದು ಬುಟ್ಟಿ ಎತ್ತಿದರೂ ಹಿಡಿಯುತ್ತದೆ. ಕಾರ್ತಿಕದಲ್ಲಿ ಮತ್ತೆ ಮೇಳ ಹೊರಟಾಗ ಮೊದಲ ಆಟಕ್ಕೇ ಪೂರ್ತಿ ಕುಣಿದರೆ ಅದೂ ಕಷ್ಟ. ಮಳೆಗಾಲದಲ್ಲೂ ವಾರಕ್ಕೆ ಮೂರ್ನಾಲ್ಕು ದಿನ ಹೆಜ್ಜೆ ಅಭ್ಯಾಸ ಇಟ್ಟುಕೊಳ್ಳಿ.

ಡ್ರೈವರ್ ಅಣ್ಣ, ನಡುಕ ಮತ್ತು ಒಂದೇ ಭಂಗಿ ನಿಮ್ಮ ಎರಡು ಶತ್ರುಗಳು. ಸೀಟನ್ನು ಮುಂದೆ ತನ್ನಿ. ಕ್ಲಚ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಚಿರಬೇಕು, ಸೊಂಟ ಸೀಟಿನಿಂದ ಜಾರಬಾರದು. ಒಂದು ಬೈರಾಸನ್ನು (ಟವೆಲ್) ಸುತ್ತಿ ಸೊಂಟದ ಗುಳಿಯ ಹಿಂದೆ ಇಡಿ. ಸ್ಟ್ಯಾಂಡಿನಲ್ಲಿ ನಿಂತಾಗ ಇಳಿದು ಬಸ್ಸಿಗೆ ಒಂದು ಸುತ್ತು ಹಾಕಿ, ಸೊಂಟದ ಮೇಲೆ ಕೈ ಇಟ್ಟು ನಾಲ್ಕೈದು ಸಲ ಹಿಂದಕ್ಕೆ ಬಾಗಿ. ಇಳಿದ ಕೂಡಲೇ ಟಯರ್ ಅಥವಾ ಭಾರದ ಸಾಮಾನು ಎತ್ತಬೇಡಿ. ತುಂಬಾ ಹೊತ್ತು ಕೂತ ಸೊಂಟಕ್ಕೆ ಭಾರದ ಮೊದಲು ಎರಡು ನಿಮಿಷ ಸಮಯ ಕೊಡಿ.

ನರ್ಸಕ್ಕ

ವ್ಯಾಯಾಮದ ಮಾತಿನ ಮೊದಲು ಒಂದು ವಿಷಯ. ಸೊಂಟ ನೋವಿನ ಜೊತೆ ಕೆಳಗಿನ ಯಾವುದಾದರೂ ಇದ್ದರೆ ಎಣ್ಣೆ, ಶಾಖ ಅಂತ ಮನೆಯಲ್ಲಿ ಕೂರಬೇಡಿ.

ಮೂತ್ರ ಕಟ್ಟಿಕೊಂಡರೆ, ಅಥವಾ ಮೂತ್ರ, ಮಲ ತಿಳಿಯದೆ ಹೋದರೆ, ಅಥವಾ ಸೈಕಲ್ ಸೀಟಿಗೆ ತಾಗುವ ಜಾಗ ಮರಗಟ್ಟಿದರೆ ಅದೇ ದಿನ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಿ. ನರದ ಗೊಂಚಲು ಒತ್ತಿರಬಹುದು, ತಡವಾದರೆ ಸರಿಯಾಗದೆ ಉಳಿಯುತ್ತದೆ. ನಡೆಯುವಾಗ ಪಾದ ಎತ್ತಲು ಆಗದೆ ಚಪ್ಪಲಿ ಉಜ್ಜುತ್ತಿದ್ದರೂ ತಡ ಮಾಡಬೇಡಿ.

ಸಂಜೆ ಸಂಜೆ ಸಣ್ಣ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಇದ್ದರೆ ಬೆನ್ನೆಲುಬಿನ ಟಿಬಿ ಇರಬಹುದು. ನಮ್ಮ ದೇಶದಲ್ಲಿ ಅದು ಅಪರೂಪ ಅಲ್ಲ. ಹಿಂದೆ ಕ್ಯಾನ್ಸರ್ ಆಗಿದ್ದವರು, ತುಂಬಾ ಸಮಯ ಸ್ಟೆರಾಯ್ಡ್ ಮಾತ್ರೆ ತಿಂದವರು, ಜಾರಿ ಬಿದ್ದ ವಯಸ್ಸಾದವರು ಕೂಡ ತೋರಿಸಲೇಬೇಕು. ಅಂಗಳದ ಪಾಚಿಯಲ್ಲಿ ಕುಂಡೆ ಊರಿ ಬಿದ್ದು "ಏನಿಲ್ಲ, ಸ್ವಲ್ಪ ಉಳುಕು" ಅನ್ನುವ ಅಜ್ಜಿಯಂದಿರಿಗೆ ಎಕ್ಸ್‌ರೇ ಮಾಡಿದರೆ ಕೆಲವೊಮ್ಮೆ ಬೆನ್ನೆಲುಬು ಕುಸಿದಿರುತ್ತದೆ.

ಇನ್ನೊಂದು ಮಳೆಗಾಲದ ವಿಷಯ. ಜ್ವರದ ಜೊತೆ ಸೊಂಟ, ಮೈ ಕೈ ಒಡೆಯುವ ನೋವು ಇದ್ದರೆ ಡೆಂಗಿ ಇರಬಹುದು, ಇಲಿ ಜ್ವರ ಇರಬಹುದು, ಮಂಗಳೂರಿನಲ್ಲಿ ಮಲೇರಿಯಾ ಕೂಡ ಮರೆಯಬಾರದು. ಗದ್ದೆ ಕೆಲಸದವರು, ನೆರೆ ನೀರಿನಲ್ಲಿ ನಡೆದವರು ಇಲಿ ಜ್ವರದ ನೆನಪು ಇಟ್ಟುಕೊಳ್ಳಿ, ಮೀನಖಂಡವೂ ತುಂಬಾ ನೋಯುತ್ತದೆ. ಆಗ ಮೆಡಿಕಲ್‌ಗೆ ಹೋಗಿ ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್ ಅಂತ ನೋವಿನ ಮಾತ್ರೆ ನುಂಗಬೇಡಿ. ಡೆಂಗಿಯಲ್ಲಿ ರಕ್ತಸ್ರಾವದ ಅಪಾಯ ಜಾಸ್ತಿಯಾಗುತ್ತದೆ. ರಕ್ತ ಪರೀಕ್ಷೆ ಮಾಡಿಸಿ.

ಕುಂಜಿಬೆಟ್ಟು ಮೇಷ್ಟ್ರು

ಜ್ವರ ಇಲ್ಲದಿದ್ದರೂ ಆ ಮಾತ್ರೆಗಳು ಸಲೀಸಲ್ಲ. ನನಗೆ ಬಿಪಿ ಉಂಟು, ಡಾಕ್ಟ್ರು ಖಡಾಖಂಡಿತ ಬೇಡ ಅಂದಿದ್ದಾರೆ. ಕಿಡ್ನಿಗೂ ಹೊಟ್ಟೆಗೂ ತೊಂದರೆ ಅಂತೆ.

ನನಗೆ ಉಪಕಾರವಾದದ್ದು ಕಟಿಬಸ್ತಿ. ಉದ್ದಿನ ಹಿಟ್ಟನ್ನು ಗಟ್ಟಿ ಕಲಸಿ ಸೊಂಟದ ಮೇಲೆ ಬಳೆಯ ಹಾಗೆ ಕಟ್ಟೆ ಕಟ್ಟುತ್ತಾರೆ. ಒಳಗೆ ಬೆಚ್ಚಗಿನ ತೈಲ ಹೊಯ್ಯುತ್ತಾರೆ. ಆರಿದ ಹಾಗೆ ಹತ್ತಿಯಿಂದ ತೆಗೆದು ಹಿಂಡಿ ಮತ್ತೆ ಬಿಸಿ ಮಾಡಿ ಹೊಯ್ಯುವುದು. ಮಲಗಿದಲ್ಲೇ ನಿದ್ದೆ ಬರುತ್ತದೆ. ಫಿಸಿಯೋದವರು ಇದನ್ನು ಒಪ್ಪುವುದಿಲ್ಲ ಅಂತ ಗೊತ್ತು!

ಬೆಲ್ಟ್ ಕೂಡ ಹಾಕುತ್ತೇನೆ. ಹಾಕಿದರೆ ಧೈರ್ಯ.

ಉಡುಪಿ ಫಿಸಿಯೋ

ಯಾಕೆ ಒಪ್ಪುವುದಿಲ್ಲ ಮೇಷ್ಟ್ರೇ? ಬಿಸಿ ಮತ್ತು ಮಸಾಜ್ ಎರಡೂ ನೋವು ಕಡಿಮೆ ಮಾಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹಳೆಯ ಸೊಂಟ ನೋವಿಗೆ ಅಂತಲೇ ಮಾರ್ಗಸೂಚಿ ಹೊರಡಿಸಿತು. ಮಸಾಜ್ ಅದರಲ್ಲಿ ಉಂಟು. ವ್ಯಾಯಾಮ, ರೋಗಿಗೆ ವಿಷಯ ತಿಳಿಸಿ ಹೇಳುವುದು, ಮನಸ್ಸಿನ ಹೆದರಿಕೆಗೆ ಥೆರಪಿ ಕೂಡ ಉಂಟು. ಬೇಡ ಅಂದ ಪಟ್ಟಿಯಲ್ಲಿ ಇರುವುದು ಸೊಂಟದ ಬೆಲ್ಟ್, ಟ್ರಾಕ್ಷನ್ ಅಂದರೆ ಬೆನ್ನನ್ನು ಎಳೆದು ಹಿಡಿಯುವುದು, ಅಲ್ಟ್ರಾಸೌಂಡ್ ಶಾಖ, ಟೆನ್ಸ್ ಎಂಬ ಕರೆಂಟಿನ ಮೆಷಿನ್. ನಮ್ಮ ಕಸುಬಿನವರೇ ಜಾಸ್ತಿ ಬಳಸುವ ಮೆಷಿನ್‌ಗಳು ಅವು. ಹೇಳಲು ನನಗೇ ಮುಜುಗರ, ಆದರೆ ವಿಷಯ ಹೌದು.

ನಿಮ್ಮ ತೈಲಕ್ಕೆ ನನ್ನ ತಕರಾರಿಲ್ಲ. ತೈಲ ಹಾಕಿಸಿಕೊಂಡು ಬಂದು ಮತ್ತೆ ಈಸಿ ಚೇರಿನಲ್ಲೇ ಕೂತರೆ ಮಾತ್ರ ತಕರಾರು. ನೋವು ಹಗುರವಾದ ಆ ಒಂದೆರಡು ಗಂಟೆಯಲ್ಲೇ ವ್ಯಾಯಾಮ ಮಾಡಿ. ಬೆಲ್ಟ್ ದೂರದ ಪ್ರಯಾಣಕ್ಕೆ ಬೇಕಾದರೆ ಇರಲಿ, ಇಡೀ ದಿನ ಬೇಡ.

ಕಾಪು ಅಮ್ಮ

ನನ್ನ ಮಗುವಿಗೆ ಎಂಟು ತಿಂಗಳು. ಸಿಸೇರಿಯನ್ ಆಗಿದ್ದು. ಬೆನ್ನಿಗೆ ಸೂಜಿ ಕೊಟ್ಟಿದ್ದರಿಂದಲೇ ಜೀವನ ಪೂರ್ತಿ ಸೊಂಟ ನೋವು ಅಂತ ಅತ್ತೆ ಹೇಳುತ್ತಾರೆ. ಹೌದಾ?

ನರ್ಸಕ್ಕ

ಊರಿಡೀ ಇದೇ ಮಾತು. ಸೂಜಿ ಚುಚ್ಚಿದ ಜಾಗ ಕೆಲವು ದಿನ ನೋಯಬಹುದು, ಅಷ್ಟೇ. ವರ್ಷಗಟ್ಟಲೆ ಇರುವ ನೋವಿಗೆ ಆ ಸೂಜಿ ಕಾರಣ ಅಲ್ಲ. ಅದು ಇಲ್ಲದೆ ಹೆತ್ತವರಿಗೂ ಸೊಂಟ ನೋವು ಬರುವುದಿಲ್ವಾ? ಬಸುರಿನಲ್ಲಿ ಹೊಟ್ಟೆಯ ಸ್ನಾಯು ಎಳೆದು ಸಡಿಲ ಆಗಿರುತ್ತದೆ, ಸೊಂಟದ ಕೀಲುಗಳೂ ಸಡಿಲ. ಆಮೇಲೆ ದಿನಕ್ಕೆ ಎಷ್ಟು ಸಲ ಮಗುವನ್ನು ಎತ್ತುತ್ತೀರಿ, ಎಷ್ಟು ಹೊತ್ತು ಬಗ್ಗಿ ಹಾಲು ಕೊಡುತ್ತೀರಿ, ರಾತ್ರಿ ಎಷ್ಟು ನಿದ್ದೆ? ಹಾಲು ಕೊಡುವಾಗ ನೀವು ಮಗುವಿನ ಕಡೆ ಬಗ್ಗಬೇಡಿ. ತೊಡೆ ಮೇಲೆ ದಿಂಬು ಇಟ್ಟು ಮಗುವನ್ನು ಎತ್ತರಕ್ಕೆ ತನ್ನಿ, ಬೆನ್ನು ಗೋಡೆಗೆ ಒರಗಿರಲಿ. ಸ್ನಾನ ಮಾಡಿಸುವವರು ನೆಲದಲ್ಲಿ ಕಾಲು ಚಾಚಿ ಕೂತು ಮಾಡಿಸುವುದಾದರೆ ಅವರಿಗೂ ಒಂದು ಮಣೆ ಕೊಡಿ.

ಮಲ್ಪೆ ಬೋಟು

ನನ್ನದು ಒಂದು ಪ್ರಶ್ನೆ. ನೋವು ಬೆನ್ನಿನ ಬದಿಯಲ್ಲಿ, ಅಲೆ ಅಲೆಯಾಗಿ ಬಂದು ಕೆಳಗೆ ತೊಡೆ ಸಂದಿಗೆ ಇಳಿಯುತ್ತದೆ. ಕೂತರೂ ಇಲ್ಲ, ನಿಂತರೂ ಇಲ್ಲ, ವಾಂತಿ ಬಂದ ಹಾಗೆ. ಬಲೆ ಎಳೆದದ್ದಾ?

ನರ್ಸಕ್ಕ

ಅದು ಕಿಡ್ನಿ ಕಲ್ಲಿನ ಲಕ್ಷಣ ಅಣ್ಣ. ಸ್ನಾಯು ನೋವಿಗೆ ಯಾವುದಾದರೂ ಒಂದು ಭಂಗಿಯಲ್ಲಿ ಸಮಾಧಾನ ಸಿಗುತ್ತದೆ, ಕಲ್ಲಿನ ನೋವಿಗೆ ಸಿಗುವುದಿಲ್ಲ. ಬೋಟಿನಲ್ಲಿ ಬಿಸಿಲಿಗೆ ಬೆವರಿ ನೀರು ಕಡಿಮೆ ಕುಡಿಯುತ್ತೀರಿ ಅಲ್ವಾ? ಮೂತ್ರ ಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸಿ. ಜೊತೆಗೆ ಚಳಿ ಜ್ವರ ಬಂದರೆ ಕಾಯಬೇಡಿ.

ಸುರತ್ಕಲ್ ಬೈಕು

ಎಲ್ಲರಿಗೂ ಥ್ಯಾಂಕ್ಸ್. ಪರ್ಸ್ ಮುಂದಿನ ಕಿಸೆಗೆ ಬಂತು. ಫಿಸಿಯೋ ಅವರೇ, ವ್ಯಾಯಾಮ ಅಂದರೆ ನಿರ್ದಿಷ್ಟವಾಗಿ ಯಾವುದು? ಯೂಟ್ಯೂಬಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಉಡುಪಿ ಫಿಸಿಯೋ

ಇದೊಂದೇ ಸರಿ ಅನ್ನುವ ವ್ಯಾಯಾಮ ಇಲ್ಲ. ನೀವು ಬಿಡದೆ ಮಾಡುವುದೇ ಒಳ್ಳೆಯ ವ್ಯಾಯಾಮ. ನಿಮ್ಮಂಥವರಿಗೆ ನಾನು ಶುರು ಮಾಡಿಸುವುದು ಹೀಗೆ.

ಮಂಚದಲ್ಲಿ ಬೇಡ, ಚಾಪೆ ಹಾಸಿ ಬೋರಲು ಮಲಗಿ. ಮೊಣಕೈ ಊರಿ ಎದೆ ಸ್ವಲ್ಪ ಎತ್ತಿ, ಸೊಂಟ ನೆಲದಲ್ಲೇ ಸಡಿಲ ಇರಲಿ. ಅರ್ಧ ನಿಮಿಷ ಹಾಗೇ ಉಸಿರಾಡಿ. ಸುಲಭ ಅನ್ನಿಸಿದರೆ ಅಂಗೈ ಊರಿ ಇನ್ನಷ್ಟು ಎತ್ತಿ ಇಳಿಸಿ, ಹತ್ತು ಸಲ. ಇಲ್ಲಿ ಒಂದು ಗುಟ್ಟು ಉಂಟು. ತೊಡೆಯ ಎಳೆತ ಮೇಲೆ ಮೇಲೆ ಬಂದು ಸೊಂಟದಲ್ಲಿ ಸೇರಿಕೊಂಡರೆ, ಸೊಂಟದ ನೋವು ಸ್ವಲ್ಪ ಜಾಸ್ತಿಯಾದರೂ ಅದು ಒಳ್ಳೆಯ ಸೂಚನೆ, ಮುಂದುವರಿಸಿ. ಎಳೆತ ಕೆಳಗೆ ಮೊಣಕಾಲು ದಾಟಿ ಇಳಿದರೆ ನಿಲ್ಲಿಸಿ, ಆ ವ್ಯಾಯಾಮ ನಿಮ್ಮದಲ್ಲ. ವಯಸ್ಸಾಗಿ ನಡೆಯುವಾಗ ಕಾಲು ಭಾರವಾಗಿ, ಬಗ್ಗಿದರೆ ಹಾಯೆನಿಸುವವರಿಗೂ ಇದು ಆಗುವುದಿಲ್ಲ. ಅವರಿಗೆ ಮಲಗಿ ಮೊಣಕಾಲು ಎದೆಗೆ ತರುವುದು ಹಿತ.

ನೋವು ಇಳಿದ ಮೇಲೆ ಎರಡು ಸೇರಿಸಿ. ಅಂಗಾತ ಮಲಗಿ ಮೊಣಕಾಲು ಮಡಚಿ ಪೃಷ್ಠ ಎತ್ತುವುದು. ಇನ್ನೊಂದು, ಅಂಬೆಗಾಲಿನ ಭಂಗಿಯಲ್ಲಿ ಬಲಗೈ ಮುಂದೆ, ಎಡಗಾಲು ಹಿಂದೆ ಚಾಚಿ ನಿಲ್ಲಿಸುವುದು, ಆಮೇಲೆ ಇನ್ನೊಂದು ಬದಿ. ಸೊಂಟ ಅಲುಗಾಡಬಾರದು. ಬೆನ್ನ ಮೇಲೆ ನೀರಿನ ಲೋಟ ಇಟ್ಟರೆ ಚೆಲ್ಲಬಾರದು ಅಂತ ಹೇಳುತ್ತೇನೆ, ಮಕ್ಕಳಿದ್ದ ಮನೆಯಲ್ಲಿ ನಿಜವಾಗಿ ಇಟ್ಟು ನೋಡುತ್ತಾರೆ.

ಇವೆಲ್ಲಕ್ಕಿಂತ ಅಗ್ಗದ್ದು ನಡಿಗೆ. 2024ರಲ್ಲಿ ಆಸ್ಟ್ರೇಲಿಯಾದಲ್ಲಿ 701 ಜನರ ಮೇಲೆ ಒಂದು ಅಧ್ಯಯನ ನಡೆಯಿತು. ಎಲ್ಲರೂ ಸೊಂಟ ನೋವು ಬಂದು ಗುಣವಾದವರು. ಒಂದು ಗುಂಪಿಗೆ ಫಿಸಿಯೋಗಳು ಹಂತ ಹಂತವಾಗಿ ವಾರಕ್ಕೆ ಐದು ಸಲ, 30 ನಿಮಿಷದವರೆಗೆ ನಡೆಯುವುದನ್ನು ರೂಢಿ ಮಾಡಿಸಿದರು. ಇನ್ನೊಂದು ಗುಂಪನ್ನು ಹಾಗೇ ಬಿಟ್ಟರು. ನಡೆಯದವರಲ್ಲಿ ನೋವು ಮರಳಲು ಮಧ್ಯಮ ಲೆಕ್ಕದಲ್ಲಿ 112 ದಿನ ಹಿಡಿಯಿತು, ನಡೆದವರಲ್ಲಿ 208 ದಿನ. ಇಷ್ಟು ಕೊಡುವ ಮಾತ್ರೆ ಇದ್ದಿದ್ದರೆ ಜನ ಕ್ಯೂ ನಿಲ್ಲುತ್ತಿದ್ದರು.

ಕದ್ರಿ ಪಾರ್ಕ್ ಆಗಲಿ, ಅಜ್ಜರಕಾಡು ಆಗಲಿ, ಎಲ್ಲಾದರೂ ಸರಿ. ಬೀಚಿಗೆ ಹೋಗುವುದಾದರೆ ನೀರಿನ ಅಂಚಿನ ಒದ್ದೆ ಗಟ್ಟಿ ಮರಳಲ್ಲಿ ನಡೆಯಿರಿ, ಒಣ ಮರಳಲ್ಲಿ ಕಾಲು ಹೂತು ಸೊಂಟಕ್ಕೆ ಹೆಚ್ಚು ಕೆಲಸ. ಜೂನ್-ಜುಲೈಯಲ್ಲಿ ಜಗಲಿಯೇ ಗತಿ.

ಪಡುಬಿದ್ರಿ ಅಕ್ಕ

ಹಾಸಿಗೆ? ನೆಲದಲ್ಲಿ ಮಲಗಿದರೆ ಸೊಂಟ ಸರಿಯಾಗುತ್ತದೆ ಅಂತ ನಮ್ಮವರು ಹಟ ಹಿಡಿದಿದ್ದಾರೆ.

ಉಡುಪಿ ಫಿಸಿಯೋ

ಅವರಿಗೆ ಹಿತವಾದರೆ ಮಲಗಲಿ. ತುಂಬಾ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯದ್ದು ಒಳ್ಳೆಯದು ಅಂತ 2003ರಷ್ಟು ಹಿಂದೆಯೇ ಸ್ಪೇನಿನ ಒಂದು ಅಧ್ಯಯನದಲ್ಲಿ ಕಂಡಿದೆ. ಬದಿಗೆ ಮಲಗುವವರು ಮೊಣಕಾಲುಗಳ ನಡುವೆ ದಿಂಬು ಇಡಲಿ. ಹೊಸ ಹಾಸಿಗೆಗೆ ಸಾವಿರಾರು ರೂಪಾಯಿ ಸುರಿಯುವ ಮೊದಲು ಅಷ್ಟು ಮಾಡಿ ನೋಡಲಿ.

ಸುರತ್ಕಲ್ ಬೈಕು

ಅಮ್ಮನ ವಿಷಯ ಉಳಿಯಿತು. ಗೋಡೆಗೆ ಒರಗುವುದಿಲ್ಲ, ಕಾಲು ಚಾಚಿ ತೊಡೆ ಮೇಲೆ ತಡ್ಪೆ (ಮೊರ) ಇಟ್ಟು ಬಗ್ಗಿಯೇ ಕಟ್ಟುತ್ತಾರೆ. ಏಳಿ ಅಂದರೆ "ಸಾವಿರದ ಲೆಕ್ಕದಲ್ಲಿ ಮಜೂರಿ, ಎದ್ದರೆ ಯಾರು ಕೊಡುತ್ತಾರೆ" ಅನ್ನುತ್ತಾರೆ.

ಬ್ರಾಂಚಿನ ಹುಡುಗಿ

ನಾನೂ ಬೀಡಿ ಕಟ್ಟಿಯೇ ಓದಿದವಳು, ಅಮ್ಮ ಈಗಲೂ ಕಟ್ಟುತ್ತಾರೆ. ಅರ್ಧ ಗಂಟೆಗೊಮ್ಮೆ ಏಳಿ ಅಂದರೆ ಯಾರೂ ಏಳುವುದಿಲ್ಲ, ಗಡಿಯಾರ ನೋಡುವವರು ಯಾರು? ನಮ್ಮ ಮನೆಯಲ್ಲಿ ಮಾಡಿದ್ದು ಇಷ್ಟು. ದಾರದ ಉಂಡೆ, ಕತ್ತರಿ ಹತ್ತಿರ ಇರಲಿ, ಆದರೆ ಕಟ್ಟಿದ ಬೀಡಿ ಹಾಕುವ ಡಬ್ಬ ದೂರದ ಮೇಜಿನ ಮೇಲೆ. ಕಟ್ಟು ಆದಾಗ ಹಾಕಲು ಏಳಲೇಬೇಕು. ಮೊದಲು ಬೈದರು, ಈಗ ಅಭ್ಯಾಸ ಆಗಿದೆ. ಎಲೆ ಕತ್ತರಿಸುವ ಕೆಲಸ ನಿಂತು ಮಾಡುತ್ತಾರೆ. ಕೂರುವಾಗ ಕೆಳಗೆ ಮಣೆ, ಬೆನ್ನಿಗೆ ಗೋಡೆ, ಗೋಡೆಗೂ ಸೊಂಟಕ್ಕೂ ಮಧ್ಯೆ ಹಳೇ ಸೀರೆಯ ಸುರುಳಿ, ತಡ್ಪೆಯ ಕೆಳಗೆ ದಿಂಬು. ಎತ್ತರ ಬಂದರೆ ಕುತ್ತಿಗೆಯೂ ಅಷ್ಟು ಬಗ್ಗುವುದಿಲ್ಲ.

ಉಡುಪಿ ಫಿಸಿಯೋ

ಡಬ್ಬದ ಉಪಾಯ ನಾನು ಇನ್ನು ಮುಂದೆ ಎಲ್ಲರಿಗೂ ಹೇಳುತ್ತೇನೆ, ಅನುಮತಿ ಕೊಡಿ. ಹೆರೆಮಣೆಯಲ್ಲಿ ಕೂತು ಕಾಯಿ ಹೆರೆಯುವವರು, ಅಡಿಕೆ ಸುಲಿಯುವವರಿಗೂ ಇದೇ ಆಗುತ್ತದೆ.

ಸುರತ್ಕಲ್‌ನವರೇ, ಅಮ್ಮನ ವಯಸ್ಸು 50 ದಾಟಿದ್ದರೆ, ಮುಟ್ಟು ನಿಂತಿದ್ದರೆ, ಸುಮ್ನೆ ಬೀಡಿಯ ತಲೆ ಮೇಲೆ ಹಾಕಿ ಬಿಡಬೇಡಿ. ಎಲುಬು ಟೊಳ್ಳಾಗಿದೆಯಾ, ವಿಟಮಿನ್ ಡಿ ಎಷ್ಟಿದೆ ಅಂತ ಒಮ್ಮೆ ನೋಡಿಸಿ. ಬೆಳಿಗ್ಗೆಯಿಂದ ಸಂಜೆ ಮನೆಯೊಳಗೇ ಕೂತವರಿಗೆ ಬಿಸಿಲು ತಾಗುವುದು ಕಡಿಮೆ.

ನರ್ಸಕ್ಕ

ಖರ್ಚಿನ ಚಿಂತೆ ಇದ್ದರೆ ಮಂಗಳೂರಿನಲ್ಲಿ ವೆನ್‌ಲಾಕ್, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ ಉಂಟು. ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ. ಈಗ ತಿನ್ನುವ ಮಾತ್ರೆಗಳ ಸ್ಟ್ರಿಪ್ ಜೊತೆಗೆ ಒಯ್ಯಿರಿ. ನೋವು ಯಾವಾಗ ಜಾಸ್ತಿ ಅಂತ ಡಾಕ್ಟ್ರಿಗೆ ಸರಿಯಾಗಿ ಹೇಳಿ. ರಾತ್ರಿ ಮಲಗಿದಾಗ, ಬೆಳಿಗ್ಗೆ ಎದ್ದ ಕೂಡಲೇ, ಕೂತಾಗ, ನಡೆದಾಗ, ಒಂದೊಂದಕ್ಕೂ ಅರ್ಥ ಬೇರೆ. ಚಿಕ್ಕ ವಯಸ್ಸಿನ ಹುಡುಗರು ಬೆಳಿಗ್ಗೆ ಅರ್ಧ ಗಂಟೆಗಿಂತ ಜಾಸ್ತಿ ಬಿಗಿತ, ಓಡಾಡಿದ ಮೇಲೆ ಸಡಿಲ ಅಂದರೆ ಡಾಕ್ಟ್ರು ಸಂಧಿವಾತದ ರಕ್ತ ಪರೀಕ್ಷೆ ಬರೆಯಬಹುದು. ಅಂಥವರು ತಿಂಗಳುಗಟ್ಟಲೆ ಬರೀ ಎಣ್ಣೆ ತಿಕ್ಕಿ ಸಮಯ ಕಳೆಯಬಾರದು.

ಸುರತ್ಕಲ್ ಬೈಕು

ಅಮ್ಮನಿಗೆ 56. ಸೋಮವಾರ ರಜೆ ಹಾಕಿ ಕರೆದುಕೊಂಡು ಹೋಗುತ್ತೇನೆ, ಬೈಕಲ್ಲಿ ಅಲ್ಲ, ಬಸ್ಸಲ್ಲಿ. ಹಿಂದಿನ ಸೀಟು ಬೇಡ ಅಲ್ವಾ ಡ್ರೈವರ್ ಅಣ್ಣ?

ಎಕ್ಸ್‌ಪ್ರೆಸ್ ಸೀಟು

ಹಿಂದಿನ ಟಯರಿನ ಮೇಲೆ ಕೂರಿಸಲೇಬೇಡಿ. ಎರಡು ಟಯರಿನ ಮಧ್ಯದ ಸೀಟು ನೋಡಿ. ಹಂಪ್ ಬರುವಾಗ ಎದುರಿನ ಕಂಬಿ ಹಿಡಿದುಕೊಳ್ಳಲು ಹೇಳಿ. ಕಂಡಕ್ಟರಿಗೆ ಸೊಂಟ ನೋವು ಅಂತ ಒಂದು ಮಾತು ಹೇಳಿದರೆ ಇಳಿಯುವಾಗ ಬಸ್ಸು ಪೂರ್ತಿ ನಿಲ್ಲಿಸುತ್ತಾರೆ.